ಚುಕ್ಕಿ ಇಟ್ಟ ದನಿಗಳು

ಅತ್ತೆಯ ದನಿ ಊರಿಗೆಲ್ಲ ಗೊತ್ತಿತ್ತು, ಅತ್ತೆ ಯಾರಿಗೂ ಗೊತ್ತಿರಲಿಲ್ಲ. ರೈಲು ನಿಲ್ದಾಣದ ಮಹಡಿಯ ಮೇಲೆ, ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂತು ಆಕೆ "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿದರೆ ಕೆಳಗೆ ಜಗಳವಾಡುತ್ತಿದ್ದವರು ಜಗಳವನ್ನು ಅರ್ಧಕ್ಕೆ ಬಿಟ್ಟು ಕಿವಿಗೊಡುತ್ತಿದ್ದರು, ಸೊಂಟದ ಮೇಲಿನ ಮಗು ಕೂಡ ಒಂದು ಗಳಿಗೆ ಅಳು ಮರೆಯುತ್ತಿತ್ತು. ಇಸ್ತ್ರಿ ಮಾಡಿದ ಬಟ್ಟೆಯಂಥ ದನಿ; ಹುಡುಕಿದರೂ ಒಂದು ಸುಕ್ಕಿಲ್ಲ.

ಮನೆಯ ದನಿಯೇ ಬೇರೆ. ಹೊಸ್ತಿಲಿಗೆ ಬಂದ ಕೂಡಲೇ ನಿಲ್ದಾಣದ ದನಿ ಚಪ್ಪಲಿಯ ಜೊತೆ ಹೊರಗೆ ಉಳಿದು, ಇನ್ನೊಂದು ದನಿ ಒಳಗೆ ಬರುತ್ತಿತ್ತು. ತುಸು ಒಡಕು, ತುಸು ಮೂಗು, ಮಾತಿನ ಕೊನೆಯಲ್ಲಿ ನಗು ಬಾಗಿಲ ಸಂದಿಯಿಂದ ಇಣುಕುತ್ತಿರುವ ದನಿ. ಆ ದನಿಯಲ್ಲೇ ಮಾವನನ್ನು ಬೈಯುತ್ತಿದ್ದಳು. ಆ ದನಿಯಲ್ಲೇ, ಓದಲೆಂದು ತನ್ನ ಮನೆಗೆ ಬಂದು ಉಳಿದಿದ್ದ ಅಣ್ಣನ ಮಗಳಿಗೆ ಕಥೆ ಹೇಳುತ್ತಿದ್ದಳು. ಅವೆಲ್ಲ ಹುಡುಗಿಯ ಅಜ್ಜಿ, ಅಂದರೆ ಅತ್ತೆಯ ಅಮ್ಮ, ಹೇಳಿ ಹೋದ ಕಥೆಗಳು. ಹುಡುಗಿ ಚಿಕ್ಕಂದಿನಿಂದ ಅವನ್ನೇ ಉಂಡು ಬೆಳೆದವಳು. ಹಾಗಾಗಿ ಪಾತ್ರೆ ತೊಳೆಯುವಾಗ ನೊರೆಯಲ್ಲಿ ಅರಮನೆ ಕಂಡು ನಿಂತುಬಿಡುವವಳು, ನಲ್ಲಿ ಹರಿಯುತ್ತಲೇ ಇರುತ್ತಿತ್ತು. ಅದಕ್ಕೇ ಅತ್ತೆ ಅವಳಿಗಿಟ್ಟ ಹೆಸರು 'ಮಬ್ಬು'.

"ಏ ಮಬ್ಬೂ, ಇಳಿದು ಬಾರೇ ಕೆಳಗೆ. ಇಲ್ಲಿ ನೀರು ಹರೀತಿದೆ" ಎಂದರೆ, ಆಕಾಶದಲ್ಲಿದ್ದವಳು ಅಡುಗೆಮನೆಗೆ ಇಳಿಯುತ್ತಿದ್ದಳು.

ಗಂಟಲಲ್ಲಿ ಏನೋ ಕೂತ ಹಾಗಿದೆ ಎಂದು ಅತ್ತೆ ಮೊದಲ ಸಲ ಅಂದಾಗ ಮಾವ, "ಅಷ್ಟು ರೈಲು ಓಡಾಡಿದ ಗಂಟಲು, ಧೂಳು ಕೂತಿರುತ್ತೆ ಬಿಡು" ಅಂದಿದ್ದರು. ಆ ತಮಾಷೆಯನ್ನು ನೆನೆದು ಆಮೇಲೆ ಮಾವ ಎಷ್ಟು ಸಲ ತಮ್ಮನ್ನೇ ಬೈದುಕೊಂಡರೋ. ಕೂತಿದ್ದದ್ದು ಧೂಳಲ್ಲ. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಆಸ್ಪತ್ರೆಯವರು.

ಆ ಆಸ್ಪತ್ರೆಯಲ್ಲಿ, ಮಾತು ಕಳೆದುಕೊಂಡವರಿಗೆ ದಾರಿ ತೋರಿಸುವ ಹೆಣ್ಣುಮಗಳೊಬ್ಬಳಿದ್ದಳು. ಮನೆಯವರು ಅವಳನ್ನು 'ಮಾತಿನ ಡಾಕ್ಟರು' ಎನ್ನುತ್ತಿದ್ದರು. ಅವಳು ಅತ್ತೆಗೆ ಒಂದು ಲ್ಯಾಪ್‌ಟಾಪು, ಒಂದು ಮೈಕು, ಒಂದು ಕಟ್ಟು ಹಾಳೆ ಕೊಟ್ಟು, "ಆಪರೇಷನ್ನಿಗೆ ಮುಂಚೆ ಈ ವಾಕ್ಯಗಳನ್ನೆಲ್ಲ ಓದಿ ರೆಕಾರ್ಡ್ ಮಾಡಿಡಿ ಅಮ್ಮಾ. ಇವುಗಳಿಂದ ನಿಮ್ಮ ದನಿ ಕಟ್ಟಿಕೊಡ್ತೀವಿ. ಮುಂದೆ ನೀವು ಫೋನಿನಲ್ಲಿ ಬರೆದರೆ ಅದು ನಿಮ್ಮ ದನಿಯಲ್ಲೇ ಮಾತಾಡುತ್ತೆ. ಮನೆಮಾತೂ ಸ್ವಲ್ಪ ಸೇರಿಸಿ" ಎಂದಿದ್ದಳು.

ಹೊರಗಿನ ಸದ್ದು ಬಾರದಿರಲೆಂದು ಅತ್ತೆ ಹಿಂದಿನ ಕೋಣೆಗೆ ಹಾಸಿಗೆಗಳನ್ನೆಲ್ಲ ಎಳೆಸಿ ಗೋಡೆಗೆ ಒರಗಿಸಿ, ಬಾಗಿಲು ಹಾಕಿಕೊಂಡು ಕೂತಳು. ಮಧ್ಯಾಹ್ನವೆಲ್ಲ ಒಳಗಿನಿಂದ ಕೇಳಿಬರುತ್ತಿತ್ತು: "ಕಿಟಕಿಯ ಪಕ್ಕದಲ್ಲಿ ಹಸಿರು ಕುರ್ಚಿ ಇದೆ." "ನಾಳೆ ಗಾಳಿ ಜೋರಾಗಿ ಬೀಸಬಹುದು." ಹಾಳೆ ಕೈಗೆ ಬಂದು ಮೈಕು ಎದುರಾದರೆ ಅತ್ತೆಗೆ ತಾನೇ ತಾನಾಗಿ ನಿಲ್ದಾಣ ಮೈಮೇಲೆ ಬರುತ್ತಿತ್ತು. ಹಸಿರು ಕುರ್ಚಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೋ ಎಂದು ಹುಡುಗಿ ಹೊರಗೆ ಕೂತು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು.

ಕೆಲವೊಮ್ಮೆ ಮಾತ್ರ ಒಳಗಿನ ದನಿ ಸಣ್ಣಗಾಗುತ್ತಿತ್ತು. ಏನು ಹೇಳುತ್ತಿದ್ದಾಳೆಂದು ಹೊರಗೆ ಕೇಳುತ್ತಿರಲಿಲ್ಲ.

*

ಆಪರೇಷನ್ ಆಯಿತು, ಗಾಯ ಮಾಗಿತು. ಕುತ್ತಿಗೆಯ ತಳದಲ್ಲಿ ಉಸಿರಿಗೊಂದು ಕಿಂಡಿ, ಅದರ ಮೇಲೊಂದು ತೆಳು ಬಟ್ಟೆ. ಅತ್ತೆಯ ಕೈಗೆ ಒಂದು ಸ್ಲೇಟು, ಬಳಪ ಬಂದವು. "ಮೂರನೇ ತರಗತಿಗೆ ವಾಪಸ್ ಕಳಿಸಿದರು" ಎಂದು ಮೊದಲ ದಿನವೇ ಬರೆದು ತೋರಿಸಿ, ಸದ್ದಿಲ್ಲದೆ ಭುಜ ಕುಣಿಸಿ ನಕ್ಕಳು. ಯಂತ್ರದ ದನಿ ಬರುತ್ತದಲ್ಲ, ಅಲ್ಲಿಯವರೆಗೆ ತಾನೆ ಎಂಬ ಧೈರ್ಯ ಅವಳಿಗಿತ್ತು.

ದನಿ ಬಂತು. ಊಟಕ್ಕೆ ಕೂತಾಗ ಅತ್ತೆ ಫೋನಿನಲ್ಲಿ ಬರೆದು, ಗುಂಡಿ ಒತ್ತಿದಳು.

"ನೀರು ಸರಿಸ್ರೀ" ಎಂದಿತು ಫೋನು. 'ದಯವಿಟ್ಟು ನೀರಿನ ಲೋಟವನ್ನು ಈ ಕಡೆ ಸರಿಸಿ' ಎಂದಂತೆ ಕೇಳಿಸುವಷ್ಟು ಅದು ನೆಟ್ಟಗೆ, ದೂರದಿಂದ, ಮಹಡಿಯ ಮೇಲಿನಿಂದ ಬಂತು. ಪದಗಳೂ ಅತ್ತೆಯವೇ, ದನಿಯೂ ಅತ್ತೆಯದೇ. ಆದರೂ ಹುಡುಗಿ ಅರಿವಿಲ್ಲದೆ ತಲೆಯೆತ್ತಿ ಛಾವಣಿ ನೋಡಿದಳು.

ಮಾವ ಮಾಡಬಾರದ ತಪ್ಪೊಂದನ್ನು ಮಾಡಿದರು. "ಯಾವ ಪ್ಲಾಟ್‌ಫಾರ್ಮಿಗಮ್ಮ?" ಎಂದು ನಕ್ಕುಬಿಟ್ಟರು.

ಅತ್ತೆ ನಗಲಿಲ್ಲ. ಫೋನನ್ನು ಬೋರಲು ಹಾಕಿ, ಸ್ಲೇಟು ಎಳೆದುಕೊಂಡು ಬರೆದಳು: "ಇದು ನಾನಲ್ಲ. ಸ್ಟೇಷನ್ನು."

ಮಾತಿನ ಡಾಕ್ಟರು ಬಂದು ಕೇಳಿಸಿಕೊಂಡಳು. "ನಮಗೆ ಸಿಕ್ಕಿದ್ದು ಹಾಳೆಯ ವಾಕ್ಯಗಳು ಮಾತ್ರ ಅಮ್ಮಾ. ಅದರಲ್ಲಿ ಹೇಗೆ ಓದಿದ್ರೋ, ದನಿ ಹಾಗೇ ಬರುತ್ತೆ. ಮನೆಮಾತು ಇದ್ದಿದ್ರೆ ಮೆತ್ತಗಾಗ್ತಿತ್ತು."

ಅತ್ತೆ ಬಳಪ ಮುರಿಯುವಂತೆ ಬರೆದಳು: "ಹೇಳಿದ್ದೆ. ಬೇಕಾದಷ್ಟು ಹೇಳಿದ್ದೆ. ಕಳೆದುಹೋಗಬಾರದು ಅಂತ ಚುಕ್ಕಿ ಇಟ್ಟಿದ್ದೆ."

"ಹೌದು ಹೌದು, ನಾನೇ ಹೇಳಿದ್ದು" ಎಂದರು ಮಾವ. ಮಾವನದು ಗಡಿಯಾರ ರಿಪೇರಿ ಅಂಗಡಿ. ಅವತ್ತು ಅತ್ತೆ ಅಂಗಡಿಗೇ ಫೋನ್ ಮಾಡಿ, ಕೆಲವು ರೆಕಾರ್ಡು ಮುಖ್ಯವಾದವು, ಬೇರೆಯದರ ಜೊತೆ ಕಲೆಸಿಹೋಗಬಾರದು, ಏನು ಮಾಡಲಿ ಎಂದು ಕೇಳಿದ್ದಳು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾವ, "ಹೆಸರಿನ ಮುಂದೆ ಒಂದು ಚುಕ್ಕಿ ಇಡು, ಕಣ್ಣಿಗೆ ಹೊಡೆಯುತ್ತೆ" ಎಂದು ದೊಡ್ಡ ತಿಳಿವಳಿಕೆಯವರಂತೆ ಹೇಳಿದ್ದರು. ಅವರ ಅಂಗಡಿಯ ಪದ್ಧತಿಯೇ ಅದು. ಜೋಪಾನ ಮಾಡಬೇಕಾದ ಗಡಿಯಾರದ ಪೊಟ್ಟಣದ ಮೇಲೆ ಅವರು ಪೆನ್ನಿನಲ್ಲಿ ಒಂದು ನಕ್ಷತ್ರ ಬರೆಯುತ್ತಾರೆ.

ಮಾವ ಲ್ಯಾಪ್‌ಟಾಪು ತೆಗೆದು ಫೋಲ್ಡರು ಬಿಚ್ಚಿದರು. ಹಾಳೆ ಒಂದು, ಹಾಳೆ ಎರಡು ಎಂಬ ಹೆಸರಿನ ರೆಕಾರ್ಡುಗಳು ಸಾಲಾಗಿ ನಿಂತಿದ್ದವು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ನಕ್ಷತ್ರ ಹೊತ್ತ ಹೆಸರು ಒಂದೂ ಇಲ್ಲ.

"ಇಲ್ಲಿಂದಲೇ ಎಲ್ಲ ಆರಿಸಿ ಆಸ್ಪತ್ರೆಗೆ ಕೊಟ್ಟೆನಲ್ಲ, ಇದ್ದಿದ್ರೆ ನನಗೆ ಕಾಣ್ತಿರಲಿಲ್ವಾ? ನೀನು ಉಳಿಸೋದು ಮರೆತಿರ್ತೀಯ."

"ಮರೆತಿಲ್ಲ."

"ಆಗ ನಿನಗೆ ಎಷ್ಟೊಂದು ಮಾತ್ರೆ ಕೊಡ್ತಿದ್ರು. ಹೇಳಿದ್ದೀನಿ ಅಂತ ಅನ್ನಿಸಿರಬಹುದು."

ಮಾವ ಅದನ್ನು ಮೆಲ್ಲಗೆ, ನೋಯಿಸಬಾರದೆಂದೇ ಹೇಳಿದ್ದು. ಆದರೆ ಮೆಲ್ಲಗೆ ಹೇಳಿದ್ದೇ ಹೆಚ್ಚು ನೋಯಿಸಿತು. ಅತ್ತೆ 'ಮರೆತಿಲ್ಲ' ಎಂಬುದನ್ನು ಸೆರಗಿನಿಂದ ಒರೆಸಿದಳು. ಫೋನನ್ನು ಅದು ಬಂದ ಡಬ್ಬಿಯೊಳಗೇ ಇಟ್ಟು ಮುಚ್ಚಳ ಹಾಕಿ, ಕಪಾಟಿನ ಮೇಲೆ ಏರಿಸಿದಳು. ಬರಬರುತ್ತಾ ಸ್ಲೇಟಿನ ಮಾತೂ ಕಡಿಮೆಯಾಯಿತು. 'ಹೂಂ', 'ಸಾಕು', 'ಮಲಗ್ತೀನಿ'. ಕಥೆಯಿಲ್ಲ, ಬೈಗುಳವಿಲ್ಲ. ಮನೆಯಲ್ಲಿ ಗಡಿಯಾರಗಳ ಸದ್ದು ದೊಡ್ಡದಾಗುತ್ತಾ ಹೋಯಿತು. ನಲ್ಲಿ ಹರಿಯುತ್ತಿದ್ದರೆ ಅತ್ತೆ ಎದ್ದು ಬಂದು, ಹುಡುಗಿಯ ಪಕ್ಕ ನಿಂತು, ಸುಮ್ಮನೆ ತಿರುಗಿಸಿ ಹೋಗುತ್ತಿದ್ದಳು. ಅದಕ್ಕಿಂತ ದೊಡ್ಡ ಬೈಗುಳ ಹುಡುಗಿಗೆ ಬೇರೊಂದಿರಲಿಲ್ಲ.

*

ಒಂದು ಬೆಳಿಗ್ಗೆ ಮಾತಿನ ಡಾಕ್ಟರು ಹುಡುಗಿಗೆ ಫೋನ್ ಮಾಡಿದಳು. ಲ್ಯಾಪ್‌ಟಾಪು ಇನ್ನೊಬ್ಬರಿಗೆ ಬೇಕಾಗಿದೆ, ಸಂಜೆ ಆಸ್ಪತ್ರೆಯ ಆಳು ಬರುತ್ತಾನೆ. ಕೊಟ್ಟ ಮೇಲೆ ಅದರಲ್ಲಿರುವುದನ್ನೆಲ್ಲ ಅಳಿಸುತ್ತಾರೆ. "ಅದಕ್ಕೆ ಮುಂಚೆ ಫೋಲ್ಡರಿನಲ್ಲಿ ಏನೇನಿದೆ ಅಂತ ಒಂದು ಪಟ್ಟಿ ಮಾಡಿ ಕಳಿಸ್ತೀಯಾ? ಏನಾದ್ರೂ ಬಿಟ್ಟುಹೋಗಿದ್ರೆ ಗೊತ್ತಾಗ್ಲಿ. ಆಮೇಲೆ ಕೇಳಿದ್ರೆ ನನ್ನ ಕೈಲೂ ಆಗಲ್ಲ."

ಅಳಿಸುತ್ತಾರೆ ಎಂದು ಕೇಳಿದ್ದೇ ಹುಡುಗಿ ಲ್ಯಾಪ್‌ಟಾಪು ಹುಡುಕಿ ತಂದಳು. ಅತ್ತೆಯ ದನಿ ಅಂತ ಲೋಕದಲ್ಲಿ ಉಳಿದಿರುವುದೆಲ್ಲ ಆ ಪೆಟ್ಟಿಗೆಯಲ್ಲಿದೆ. ಮನೆಮಾತು ಇದ್ದರೆ ಅಲ್ಲೇ ಇರಬೇಕು. ಇಲ್ಲದಿದ್ದರೆ ಎಲ್ಲೂ ಇಲ್ಲ.

ಪಟ್ಟಿ ಮಾಡುವುದು ಅವಳಿಗೆ ಹೊಸದಾಗಿ ಬಂದ ವಿದ್ಯೆ. ಅವಳು ಕಂಪ್ಯೂಟರಿಗೆ ಅಪ್ಪಣೆ ಬರೆಯುವ ಪೈಥಾನ್ ಭಾಷೆ ಕಲಿಯುತ್ತಿದ್ದಳು. ಪೈಥಾನ್ ಅಂದರೆ ಹೆಬ್ಬಾವು ಎಂದು ತಿಳಿದ ದಿನದಿಂದ ಅತ್ತೆಗೆ ಅದು 'ಹೆಬ್ಬಾವಿನ ಕ್ಲಾಸು'. "ನುಂಗಿಸಿಕೊಂಡು ಬಂದ್ಯಾ?" ಎಂದು ದಿನಾ ಕೇಳುತ್ತಿದ್ದಳು, ಕೇಳುವ ಕಾಲದಲ್ಲಿ.

ಹುಡುಗಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಬಿಚ್ಚಿದಳು. ಮಾವ ಅಂಗಡಿಗೆ ಹೋಗದೆ ಪಕ್ಕದಲ್ಲೇ ಕೂತರು. ಅತ್ತೆ ಕಿಟಕಿಯ ಬಳಿ, ಬೆನ್ನು ತಿರುಗಿಸಿ, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡಿದ್ದಳು.

"ಅದರಲ್ಲಿ ಏನು ಬರೀತೀಯ?" ಎಂದರು ಮಾವ.

"ಮೊದಲು ಹೆಸರು ಹುಡುಕೋ ಸಲಕರಣೆ ಕರೀಬೇಕು. ಆಮೇಲೆ ಈ ಫೋಲ್ಡರಿನ ದಾರಿ ಹೇಳಿ, ಕೊನೆಗೆ ಒಂದು ನಕ್ಷತ್ರ ಹಾಕಬೇಕು. ನಕ್ಷತ್ರ ಅಂದ್ರೆ ಯಾವ ಹೆಸರಾದ್ರೂ ಸರಿ, ಬಾ ಅಂತ. ಸಿಕ್ಕಿದ್ದನ್ನ ಒಂದೊಂದಾಗಿ ಪರದೆ ಮೇಲೆ ಇಡು ಅಂದ್ರೆ ಆಯ್ತು."

"ಓಹೋ, ಅಲ್ಲೂ ನಕ್ಷತ್ರವೇ!" ಮಾವನ ಮುಖದಲ್ಲಿ ತುಸು ಹೆಮ್ಮೆ ಬಂತು.

ಹುಡುಗಿಗೆ ಆ ಸಾಲುಗಳನ್ನು ಬರೆಯುವಾಗಲೆಲ್ಲ ಅಜ್ಜಿಯ ಕಥೆಯ ಡಂಗುರದವನು ಕಾಣುತ್ತಿದ್ದ. ರಾಜನ ಆಜ್ಞೆ ಹೊತ್ತು ಕೇರಿಯಲ್ಲಿ ನಡೆಯುತ್ತಾ, ಮನೆಮನೆಯ ಮುಂದೆ ನಿಂತು, 'ಒಳಗಿರುವವರೆಲ್ಲ ಹೆಸರು ಹೇಳಿ ಆಚೆ ಬನ್ನಿ' ಎಂದು ಕೂಗುತ್ತಾನೆ. ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಇವತ್ತು ಅವನು ಯಾರನ್ನೂ ಬಿಡಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಂಡು ಗುಂಡಿ ಒತ್ತಿದಳು.

ಹಾಳೆ ಒಂದು. ಹಾಳೆ ಎರಡು. ಹಾಳೆ ಮೂರು. ಬಾಗಿಲು ತೆರೆದು ಬಂದವೆಲ್ಲ ಅವೇ, ಒಂದೇ ಸಮವಸ್ತ್ರ ತೊಟ್ಟವು. ಕೊನೆಯ ಹಾಳೆಯ ಕೆಳಗೆ ಖಾಲಿ.

"ನೋಡಿದ್ಯಾ, ಯಂತ್ರವೂ ಅದನ್ನೇ ಹೇಳ್ತಿದೆ" ಎಂದು ಮಾವ ಉಸಿರು ಬಿಟ್ಟರು. ಗೆದ್ದವರ ಉಸಿರಲ್ಲ ಅದು. ಸುಳ್ಳಾಗಲಿ ಎಂದು ಅವರೂ ಕಾದಿದ್ದರು.

ಅತ್ತೆ ತಿರುಗಲಿಲ್ಲ. ಆದರೆ ಭುಜಗಳು ಇನ್ನಷ್ಟು ಕೆಳಗಿಳಿದವು. ಹುಡುಗಿಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಅತ್ತೆಯ ಕಾಲ ಬಳಿ ಕೂತಳು.

"ಅತ್ತೆ, ನಾನು ನಿನ್ನ ಮಾತು ನಂಬ್ತೀನಿ. ನೀನು ಹೇಳಿದ್ದು ನಿಜ, ಇಟ್ಟಿದ್ದೂ ನಿಜ. ಹೇಗೆ ಇಟ್ಟೆ ಅಂತ ಹೇಳು. ಎಷ್ಟು ಮೂಲೆಯ ಚುಕ್ಕಿ? ಐದೋ ಆರೋ?"

ಅತ್ತೆ ಅವಳನ್ನು ವಿಚಿತ್ರವಾಗಿ ನೋಡಿದಳು. ಚುಕ್ಕಿಗೆ ಮೂಲೆಯೆಲ್ಲಿಂದ ಬಂತು ಎನ್ನುವ ನೋಟ. ಬಳಪ ಎತ್ತಿದಳು, ಸ್ಲೇಟಿನ ಮೇಲೆ ಒಮ್ಮೆ ಕುಟ್ಟಿದಳು.

ಟಕ್.

ಕಪ್ಪು ಸ್ಲೇಟಿನ ನಟ್ಟನಡುವೆ ಒಂದು ಬಿಳಿ ಚುಕ್ಕೆ. ಸಾಸಿವೆಯಷ್ಟು.

"ಇದು... ಬರೀ ಚುಕ್ಕೆ ಅಲ್ವಾ ಅತ್ತೆ?"

'ಮತ್ತೇನು' ಎಂಬಂತೆ ಹುಬ್ಬು ಏರಿತು. ಅತ್ತೆ ಎದ್ದು, ಕಪಾಟಿನಿಂದ ನಿಲ್ದಾಣದ ಹಳೆಯ ಪ್ರಕಟಣೆಯ ಹಾಳೆಯೊಂದನ್ನು ತಂದು ಹುಡುಗಿಯ ಮಡಿಲಿಗೆ ಹಾಕಿದಳು. ಪದಗಳ ನೆತ್ತಿಯ ಮೇಲೆ ಅಲ್ಲಲ್ಲಿ ಪೆನ್ಸಿಲಿನ ಚುಕ್ಕೆಗಳು. ಜನ ತಪ್ಪಿ ಕೇಳಿಸಿಕೊಳ್ಳಬಾರದ ಮಾತು ಎಲ್ಲಿದೆಯೋ ಅಲ್ಲಿ, ಒತ್ತಿ ಹೇಳಬೇಕೆಂದು ನೆನಪಿಗೆ ಇಟ್ಟುಕೊಂಡವು. ದುಡಿದಷ್ಟು ವರ್ಷವೂ ಅತ್ತೆಗೆ ಚುಕ್ಕಿ ಎಂದರೆ ಅದೇ: ಇದನ್ನು ಬಿಡಬೇಡ ಎಂಬ ಗುರುತು.

ಮಾವ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದರು. "ಚುಕ್ಕಿ ಅಂದ್ರೆ ನಕ್ಷತ್ರ ಕಣೇ! ನಾನು ಹೇಳಿದ್ದು..." ಎಂದರು.

ಹುಡುಗಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಮನಸ್ಸು ಹೆಬ್ಬಾವಿನ ಕ್ಲಾಸಿನಲ್ಲಿತ್ತು. ಅವತ್ತು ಕಿಟಕಿಯಾಚೆ ಯಾರೋ ಹಾಸಿಗೆಯ ಹೊದಿಕೆ ಒದರುತ್ತಿದ್ದರು, ಅವಳು ಅದನ್ನು ಹಡಗಿನ ಹಾಯಿ ಮಾಡಿಕೊಂಡು ಎಲ್ಲೋ ಹೋಗಿದ್ದಳು; ಹಾಗೆ ಹೋಗುವಾಗ ಮೇಷ್ಟ್ರ ಮಾತೊಂದು ಬೆನ್ನಹಿಂದೆ ಕೇಳಿಸಿತ್ತು. "ಫೈಲಿನ ಹೆಸರಿನ ಬಾಲದಲ್ಲಿ ಚುಕ್ಕೆ ಇದ್ರೆ ಅದು ಯಾವ ಬಗೆ ಅಂತ ಹೇಳುತ್ತೆ. ತಲೆ ಮೇಲೆ, ಅಂದ್ರೆ ಹೆಸರಿನ ಮೊದಲಲ್ಲೇ, ಚುಕ್ಕೆ ಇದ್ರೆ ಮುಸುಕು ಹಾಕಿದ ಹಾಗೆ. ಇಂಥ ಯಂತ್ರಗಳಲ್ಲಿ ಅದು ಕಣ್ಣಿಗೂ ಬೀಳಲ್ಲ, ನಿಮ್ಮ ನಕ್ಷತ್ರಕ್ಕೂ ಸಿಗಲ್ಲ."

ಅತ್ತೆ ಬಿಡಬಾರದೆಂದು ಇಟ್ಟ ಚುಕ್ಕಿಯನ್ನು ಯಂತ್ರ ಮುಸುಕು ಎಂದುಕೊಂಡಿತ್ತು! ಅದಕ್ಕೇ ಮಾವನ ಕಣ್ಣಿಗೆ ಬೀಳಲಿಲ್ಲ, ಅದಕ್ಕೇ ಎಲ್ಲ ಆರಿಸಿದೆ ಎಂದುಕೊಂಡು ಕಳಿಸಿದಾಗಲೂ ಹಿಂದೆಯೇ ಉಳಿದವು. ಡಂಗುರದವನು ಎಷ್ಟು ಕೂಗಿದರೇನು, ಮುಸುಕಿನವರನ್ನು ಅವನು ಕರೆದೇ ಇರಲಿಲ್ಲ.

ಹುಡುಗಿ ಓಡಿ ಬಂದು ಮೇಜಿನ ಮುಂದೆ ಕೂತಳು. ಇದ್ದ ಸಾಲಿನಲ್ಲಿ ನಕ್ಷತ್ರವನ್ನು ಹಾಗೇ ಬಿಟ್ಟು, ಅದರ ಎಡಕ್ಕೆ ಒಂದು ಚುಕ್ಕೆ ಒತ್ತಿದಳು. ತಲೆಯ ಮೇಲೆ ಚುಕ್ಕೆಯಿರುವವರೆಲ್ಲ ಬನ್ನಿ ಎಂದು.

.*

ಪರದೆಯ ಮೇಲೆ ಅತ್ತೆಯ ಚುಕ್ಕಿಯೂ ಮಾವನ ಚುಕ್ಕಿಯೂ ಪಕ್ಕಪಕ್ಕದಲ್ಲಿ, ಫೋಟೋಗೆ ನಿಂತ ಗಂಡಹೆಂಡಿರಂತೆ ನಿಂತಿದ್ದವು. ಅವಳು ಗುಂಡಿ ಒತ್ತಿದಳು.

ಹೆಸರುಗಳು ಇಳಿದು ಬಂದವು.

.ನಗು
.ಸಿಟ್ಟು
.ಆಯಾಸ ಆದಾಗ
.ಫೋನಿನಲ್ಲಿ ಅಣ್ಣನ ಜೊತೆ
.ಅಮ್ಮನ ಕಥೆ
.ಮಬ್ಬು
.ರೀ

ಇನ್ನೂ ಇದ್ದವು, ಪರದೆ ತುಂಬಿ ಮೇಲೇರುತ್ತಿದ್ದವು. ಹುಡುಗಿಯ ಕಣ್ಣು ಮಂಜಾಗಿ ಓದಲಾಗಲಿಲ್ಲ.

"'ರೀ' ಅಂತ ಇದೆಯಲ್ಲ" ಎಂದರು ಮಾವ. "ಅದನ್ನ ಹಾಕು."

ಮೊದಲು ಹಾಸಿಗೆಗಳ ನಡುವಿನ ಮೌನ, ಒಂದು ಉಸಿರು. ಆಮೇಲೆ ಬಂತು. ತುಸು ಒಡಕು, ತುಸು ಮೂಗು.

"ರೀ... ಇದು ಸುಮ್ಮನೆ ಕರೆಯೋದು. ರೀ! ಇದು ಹಾಲು ಉಕ್ಕಿದಾಗ. ರೀ? ಇದು ಎಲ್ಲಿದ್ದೀರಿ ಅಂತ. ರ್ರೀ, ಇದು ನಿಮ್ಮ ತಮಾಷೆಗೆ ನಗು ಬರದೇ ಇದ್ದಾಗ, ಇದೇ ಜಾಸ್ತಿ ಬೇಕಾಗುತ್ತೆ ಡಾಕ್ಟರೇ, ಚೆನ್ನಾಗಿ ಇಟ್ಕೊಳಿ. ರೀ. ಇದು... ಇದು ಏನೂ ಇಲ್ಲ. ಪಕ್ಕದಲ್ಲಿ ಇದ್ದೀರಾ ಅಂತ, ಅಷ್ಟೇ."

ಮಾವ ಕೂತೇಬಿಟ್ಟರು. ಬೆರಳಿನಿಂದ ಮೇಜಿನ ಅಂಚನ್ನು ಒರೆಸುತ್ತಾ, ಯಾರ ಕಡೆಗೂ ನೋಡದೆ, "ಇದ್ದೀನಿ" ಎಂದರು.

ಅತ್ತೆ ಮೆಲ್ಲಗೆ ಬಂದು ಅವರ ಹಿಂದೆ ನಿಂತಳು. ತನ್ನದೇ ದನಿಯನ್ನು, ಊರಿಗೆ ಹೋಗಿ ಮರಳಿದ ತಂಗಿಯನ್ನು ನೋಡುವಂತೆ ನೋಡಿದಳು. ಅವಳ ಕೈ ಮಾವನ ಭುಜದ ಮೇಲೆ ಬಂತು. ಮಾವ ಆ ಕೈ ಹಿಡಿದುಕೊಂಡು, "ಮಾತ್ರೆ ಅಂದೆನಲ್ಲ ನಾನು, ಮಾತ್ರೆ ಅಂತ" ಎಂದರು. ಅತ್ತೆ ಇನ್ನೊಂದು ಕೈಯಿಂದ ಅವರ ತಲೆಗೆ ಮೊಟಕಿದಳು. ಬಳಪ ಅದೇ ಕೈಯಲ್ಲಿತ್ತು. ಬೋಳುತಲೆಯ ಮೇಲೆ ಒಂದು ಬಿಳಿ ಚುಕ್ಕಿ ಬಿತ್ತು.

"ಮಾವ, ನೀವಿನ್ನು ಯಾರಿಗೂ ಕಾಣಲ್ಲ" ಎಂದಳು ಹುಡುಗಿ, ಅಳುತ್ತಲೇ.

ಸಂಜೆ ಆಸ್ಪತ್ರೆಯ ಆಳು ಬರುವ ಹೊತ್ತಿಗೆ, ಚುಕ್ಕೆ ಹೊತ್ತವೆಲ್ಲ ಮಾತಿನ ಡಾಕ್ಟರ ಬಳಿ ತಲುಪಿದ್ದವು. ಪಟ್ಟಿಯೂ ತಲುಪಿತ್ತು. "ಇಷ್ಟೊಂದಾ!" ಎಂದು ಅವಳು ಫೋನಿನಲ್ಲಿ ಕೂಗಿದ್ದು ಅಡುಗೆಮನೆಯವರೆಗೂ ಕೇಳಿಸಿತು.

*

ಹೊಸ ದನಿ ಬಂದ ದಿನ ಅತ್ತೆ ಕಪಾಟಿನ ಮೇಲಿನ ಡಬ್ಬಿಯನ್ನು ತಾನೇ ಕೆಳಗಿಳಿಸಿದಳು. ಫೋನನ್ನು ಸೆರಗಿನಿಂದ ಒರೆಸಿ, ಯಾರಿಗೂ ಕಾಣದಂತೆ ಬೆನ್ನು ತಿರುಗಿಸಿ ಬಹಳ ಹೊತ್ತು ಏನೋ ಬರೆದಳು. ಮಾವ ಎದುರಿಗೆ, ಕೈಕಟ್ಟಿ, ಪರೀಕ್ಷೆಯ ಫಲಿತಾಂಶಕ್ಕೆ ಬಂದವರಂತೆ ಕೂತಿದ್ದರು. ಹುಡುಗಿ ಪಾತ್ರೆ ತೊಳೆಯುತ್ತಾ ಕಿವಿಯನ್ನು ಈ ಕಡೆಗೇ ಬಿಟ್ಟಿದ್ದಳು.

ದನಿ ಅಚ್ಚುಕಟ್ಟಾಗಿ ಬಂತು ಎಂದರೆ ಸುಳ್ಳಾಗುತ್ತದೆ. ಕೆಲವು ಕಡೆ ಎಡವಿತು, ಉದ್ದದ ಮಾತಿನಲ್ಲಿ ಎರಡು ಪದ ನಿಲ್ದಾಣದ ಕಡೆ ಓಡಿಹೋಗಿ ವಾಪಸು ಬಂದವು. ಆದರೆ ಮೊದಲ ಅಕ್ಷರ ಮನೆಯದೇ, ನಗು ಸಂದಿಯಿಂದ ಇಣುಕುತ್ತಿದ್ದದ್ದು.

"ರ್ರೀ. ಚುಕ್ಕಿ ಅಂದ್ರೆ ನಕ್ಷತ್ರ ಅಂದ್ರಲ್ಲ. ಆಕಾಶದಲ್ಲಿ ಮೂಲೆ ಇರೋ ನಕ್ಷತ್ರ ಎಲ್ಲಿ ನೋಡಿದ್ದೀರಿ? ನನಗಂತೂ ಇಷ್ಟು ವರ್ಷ ಬರೀ ಚುಕ್ಕೇನೇ ಕಂಡಿರೋದು."

ಮಾವ, "ಅದು ದೂರದಿಂದ ಕಣೇ, ಹತ್ತಿರ ಹೋಗಿ ನೋಡಿದ್ರೆ..." ಎಂದು ಶುರುಮಾಡಿದರು. ಅತ್ತೆಯ ಬೆರಳು ಆಗಲೇ ಫೋನಿನ ಮೇಲೆ ಓಡುತ್ತಿತ್ತು.

ಅತ್ತ ಅಡುಗೆಮನೆಯಲ್ಲಿ ಹುಡುಗಿ ನೊರೆಗೈಯಲ್ಲೇ ನಿಂತುಬಿಟ್ಟಿದ್ದಳು. ಕಿಟಕಿಯಾಚೆ ಹಗಲು ಇನ್ನೂ ಪೂರ್ತಿ ಹೋಗಿರಲಿಲ್ಲ, ಎದುರು ಮನೆಯ ಮೇಲೆ ಒಂದೇ ಒಂದು ಚುಕ್ಕಿ ಬಂದಿತ್ತು. ಅದು ಯಾವುದು, ಅತ್ತೆಯದೋ ಮಾವನದೋ ಎಂದು ಅವಳು ನೋಡುತ್ತಾ ನೋಡುತ್ತಾ ಎಲ್ಲೋ ಹೋಗುತ್ತಿರುವಾಗ, ಹಿಂದಿನಿಂದ ಕೇಳಿಸಿತು:

"ಏ ಮಬ್ಬೂ, ನೀರು ಹರೀತಿದೆ."